ಬು ಸಯೀದರ ಗಿಡ್ಡ ರಿವಾಲ್ವರ್ ಮತ್ತು ನನ್ನ ತೆಂಗಿನೆಣ್ಣೆ

ಊರಿನ ಮದುವೆಗಳಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು "ದುಬೈಲಿ ಯಾವ ಕಂಪೆನಿ?" ಎಂದು ಕೇಳಿಯೇ ಕೇಳುತ್ತಾರೆ. ಮೊದಮೊದಲು ನಾನು ನಿಜ ಹೇಳುತ್ತಿದ್ದೆ. "ಶೂಟಿಂಗ್ ಕ್ಲಬ್ಬು. ಬಂದೂಕು ತೊಳೆಯುವ ಕೆಲಸ." ಅಷ್ಟು ಹೇಳಿದ್ದೇ ತಡ, ಆಚೆಯವರು ಈಚೆಯವರು ಸಾರು ಬಿಟ್ಟು ನನ್ನತ್ತ ತಿರುಗುತ್ತಿದ್ದರು. "ಹೌದಾ ಮಾರಾಯ್ರೆ! ಈಗ ನಿಮ್ಮ ಹತ್ರ ಉಂಟಾ?" ಎಂದು ನನ್ನ ಪಂಚೆಯ ಗಂಟನ್ನೇ ನೋಡಿದವರೂ ಇದ್ದಾರೆ. ಆಮೇಲೆ ಬುದ್ಧಿ ಬಂತು. "ಸ್ಟೋರ್ ಕೀಪರ್" ಎನ್ನತೊಡಗಿದೆ. ಸ್ಟೋರ್ ಕೀಪರನ ಹತ್ತಿರ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಇಪ್ಪತ್ತಾರು ವರ್ಷ ದಿನಬೆಳಗಾದರೆ ಬಂದೂಕು ಮುಟ್ಟಿದ ಈ ಭೋಜ ಪೂಜಾರಿಯ ಹೆಸರಿನಲ್ಲಿ ಇವತ್ತಿಗೂ ಒಂದು ಆಟದ ಪಿಸ್ತೂಲಿಲ್ಲ. ಆ ದೇಶದಲ್ಲಿ ನಮ್ಮಂಥ ಹೊರಗಿನವರು ಅದನ್ನು ಕನಸಿನಲ್ಲಿ ಕಂಡರೂ ಎದ್ದು ಮುಖ ತೊಳೆದುಕೊಳ್ಳುವುದು ಒಳ್ಳೆಯದು. ಲೈಸೆನ್ಸು ಇರುವ ಅರಬರು ತಮ್ಮ ಆಯುಧಗಳನ್ನು ನಮ್ಮ ಕ್ಲಬ್ಬಿಗೆ ತರುತ್ತಿದ್ದರು. ನಾವು ಬಿಚ್ಚಿ, ಉಜ್ಜಿ, ಎಣ್ಣೆ ಹಾಕಿ, ಜೋಡಿಸಿ ಕೊಡುತ್ತಿದ್ದೆವು. ಕ್ಲಬ್ಬು ದುಬೈ ಮತ್ತು ಅಬುಧಾಬಿಯ ನಡುವಿನ ಮರಳಿನಲ್ಲಿ, ನನ್ನ ಸಂಸಾರ ಅಲ್ ಕುಸೈಸಿನ ಎರಡು ಕೋಣೆಯ ಫ್ಲಾಟಿನಲ್ಲಿ.

ನನ್ನ ಕುರ್ಚಿಗೆ ಈಗ ಮಂಗಳೂರಿನ ಶರಲ್ ಎಂಬ ಹುಡುಗಿ ಬಂದಿದ್ದಾಳೆ. ಗಟ್ಟಿಗಿತ್ತಿ. ಮೊನ್ನೆ ಫೋನು ಮಾಡಿ, "ಅಂಕಲ್, ಮ್ಯಾನ್ಯುವಲ್ ಎಲ್ಲ ಓದಿ ಆಯ್ತು. ಅದ್ರಲ್ಲಿ ಇಲ್ಲದ್ದು ಎಂತ ಉಂಟು, ಅದು ಹೇಳಿ" ಎಂದಳು. ಫೋನಿನಲ್ಲಿ ಹೇಳುವಷ್ಟು ಸಣ್ಣ ಕತೆಯಲ್ಲ, ಬರೆದು ಕಳಿಸುತ್ತೇನೆ ಎಂದೆ. ನನಗೆ ಯಾವಾಗ ಸಂಬಳ ಏರಿತು, ಯಾವ ಶೇಖ್ ಸಾಹೇಬರ ಕೈಯಿಂದ ಗಡಿಯಾರ ಸಿಕ್ಕಿತು ಎಂಬುದನ್ನೆಲ್ಲ ಅವಳಿಗೆ ಹೇಳಿ ಏನು ಪ್ರಯೋಜನ? ನಾನು ಮಾಡಿದ ಎಡವಟ್ಟು ಹೇಳಿದರೆ ಅವಳಾದರೂ ಅದನ್ನು ಮಾಡಲಿಕ್ಕಿಲ್ಲ.

ನನಗೆ ಕೆಲಸ ಕಲಿಸಿದವರು ಗುಲ್ ಉಸ್ತಾದ್, ಪೇಶಾವರದ ಕಡೆಯವರು. ಅವರ ಕೈ ನನ್ನ ಕೈಯ ಎರಡರಷ್ಟಿತ್ತು, ಮೀಸೆ ಮೂರರಷ್ಟು. ಯಾರೇ ಬಂದೂಕು ಕೊಡಲಿ, "ಖಾಲಿ ಇದೆ" ಎಂದು ದೇವರೇ ಹೇಳಲಿ, ತೆರೆದು ಕಣ್ಣಿನಲ್ಲಿ ನೋಡಬೇಕು, ಮತ್ತೆ ಕಿರುಬೆರಳು ಹಾಕಿ ನೋಡಬೇಕು. ಮರೆತರೆ ಕಿವಿ ಹಿಂಡುತ್ತಿದ್ದರು. ಮೂವತ್ತು ದಾಟಿದ, ಮದುವೆಯಾದ ಗಂಡಸಿನ ಕಿವಿ! ಅವರು ಊರಿಗೆ ಹೋದ ಮೇಲೆ ಹಾರ್ಟ್ಲಿ ಎಂಬ ಇಂಗ್ಲಿಷ್ ಮ್ಯಾನೇಜರು ಬಂದರು. ಅವರು ಕಿವಿ ಹಿಂಡುವವರಲ್ಲ, ಫಾರಂ ತುಂಬಿಸುವವರು. ಬಂದೂಕು ಒಳಗೆ ಬಂದರೆ ಒಂದು ಫಾರಂ, ಬಿಚ್ಚಿದರೆ ಒಂದು, ಎಣ್ಣೆ ಹಾಕಿದರೆ ಒಂದು. ನನಗೆ ಕಿವಿಯೇ ಹಿತ ಅನ್ನಿಸುತ್ತಿತ್ತು.

ಹಾರ್ಟ್ಲಿ ಸಾಹೇಬರ ಕಾಲದಲ್ಲಿಯೇ ಬು ಸಯೀದ್ ಬಂದದ್ದು. ಬು ಸಯೀದ್ ಅಂದರೆ ಸಯೀದನ ಅಪ್ಪ. ಅಲ್ಲಿ ಹಿರಿಯರನ್ನು ದೊಡ್ಡ ಮಗನ ಹೆಸರಿನಿಂದ ಕರೆಯುವುದು ಮರ್ಯಾದೆ. ದುಬೈಯ ದೇರಾ ಪೇಟೆಯಲ್ಲಿ ನಲವತ್ತು ವರ್ಷ ಚಿನ್ನದ ಅಂಗಡಿ ನಡೆಸಿ, ಅದನ್ನು ಮಾರಿ, ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ವಿಲ್ಲಾದಲ್ಲಿ ಹೆಂಡತಿಯೊಂದಿಗೆ ಇದ್ದರು. ಚಿನ್ನ ಮಾರಿ ಆಗಿತ್ತು, ಕಾಯುವ ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ದೇರಾದ ಮಾರ್ವಾಡಿಗಳೊಂದಿಗೆ ವ್ಯಾಪಾರ ಮಾಡಿ ಮಾಡಿ ನನಗಿಂತ ಚೆನ್ನಾದ ಹಿಂದಿ ಆಡುತ್ತಿದ್ದರು, ಹಾಗಾಗಿ ನಮ್ಮಿಬ್ಬರ ಮಾತಿಗೆ ಏನೂ ತೊಡಕಿರಲಿಲ್ಲ.

ಅವರು ತಂದದ್ದು ಒಂದು ಗಿಡ್ಡ ರಿವಾಲ್ವರ್. ಐದೇ ಗುಂಡು. ನಳಿಗೆ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಆದರೆ ಗುಂಡು ಮಾತ್ರ ದೊಡ್ಡ ರಿವಾಲ್ವರಿನದ್ದು, ದಪ್ಪದ್ದು. ಇಂಥದ್ದನ್ನು ಜನ ಆತ್ಮರಕ್ಷಣೆಗೆ ಕೊಳ್ಳುತ್ತಾರೆ, ಜೇಬಿನಲ್ಲೂ ಹಿಡಿಯಬೇಕು, ಎದುರಿನವನೂ ಒಂದೇ ಏಟಿಗೆ ಬೀಳಬೇಕು ಎಂಬ ಎರಡು ಆಸೆಯಿಂದ. ಅಂಗಡಿಯವನು ಹೇಳದೆ ಬಿಡುವ ಮಾತೆಂದರೆ, ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ಗುಂಡು ಹೊರಟಾಗ ಹಿಡಿದವನ ಕೈಗೆ ಬೀಳುವ ಪೆಟ್ಟೂ ಸಣ್ಣದಲ್ಲ. ಮೊದಲ ದಿನ ರೇಂಜಿನಲ್ಲಿ ಒಂದು ಗುಂಡು ಹಾರಿಸಿದರು. ಗುರಿಹಲಗೆಗೆ ಏನೂ ಆಗಲಿಲ್ಲ. ಅವರ ತಲೆಬಟ್ಟೆಯ ಮೇಲಿನ ಕರಿ ಬಳೆ ಹಾರಿ ಹಿಂದೆ ನಿಂತಿದ್ದ ನನ್ನ ಕಾಲ ಬಳಿ ಬಿತ್ತು.

"ಬೋಜ, ಇದು ಒದೆಯುತ್ತದಲ್ಲ!" ಎಂದರು, ಮಣಿಕಟ್ಟು ಉಜ್ಜಿಕೊಳ್ಳುತ್ತ.

"ಹೌದು ಬಾಬಾ. ಸ್ವಲ್ಪ ದೊಡ್ಡದು ತಗೊಂಡರೆ ಇಷ್ಟು ಒದೆಯುವುದಿಲ್ಲ."

"ದೊಡ್ಡದನ್ನು ಎಲ್ಲಿ ಇಟ್ಟುಕೊಳ್ಳಲಿ?"

ಅದೂ ಹೌದು. ಕಂದೂರ ಎಂಬ ಅವರ ಬಿಳಿ ನಿಲುವಂಗಿಗೆ ಬೆಲ್ಟಿಲ್ಲ. ಪಕ್ಕದ ಜೇಬಿಗೆ ರಿವಾಲ್ವರು ಹಾಕಿದರೆ ನಿಲುವಂಗಿ ಒಂದು ಕಡೆಗೆ ಜಗ್ಗಿ, ಅವರು ಮೀನಿನ ಬುಟ್ಟಿ ಹೊತ್ತವರ ಹಾಗೆ ವಾಲಿಕೊಂಡು ನಡೆಯುತ್ತಿದ್ದರು. ಒಯ್ಯುವ ಲೈಸೆನ್ಸು ಅವರ ಹತ್ತಿರ ಇತ್ತು, ಒಯ್ಯುವ ಜಾಗ ಇರಲಿಲ್ಲ. "ಏನಾದರೂ ಮಾಡು" ಎಂದರು.

ನಾನು ರಟ್ಟಿನಲ್ಲಿ ರಿವಾಲ್ವರಿನ ಆಕಾರ ಕತ್ತರಿಸಿಕೊಂಡು ದೇರಾದಲ್ಲಿ ನನಗೆ ಗುರುತಿದ್ದ ಭಟ್ಕಳದ ದರ್ಜಿಯ ಹತ್ತಿರ ಹೋದೆ. ಕಂದೂರದ ಒಳಗೆ ಹೊಟ್ಟೆಯ ಮೇಲೆ ಇದು ಹಿಡಿಯುವ ಜೇಬು ಹೊಲಿ ಎಂದೆ. ಅವನು ರಟ್ಟನ್ನು ಹಿಂದೆ ಮುಂದೆ ತಿರುಗಿಸಿದ.

"ಅಣ್ಣ, ಇದ್ರಲ್ಲಿ ಎಂತ ಇಡ್ಲಿಕ್ಕೆ?"

"ಕನ್ನಡಕದ ಡಬ್ಬಿ."

"ಈ ಕನ್ನಡಕ ಹಾಕಿದ್ರೆ ಎದುರಿನವ್ರಿಗೆ ಕಣ್ಣು ಕಾಣ್ಲಿಕ್ಕಿಲ್ಲ," ಎಂದ ಮಹಾರಾಯ. ಆದರೆ ಚೆನ್ನಾಗಿ ಹೊಲಿದುಕೊಟ್ಟ. ಬು ಸಯೀದರು ಅದನ್ನು ತೊಟ್ಟು ಮಸೀದಿಗೆ ಹೋದ ಮೊದಲ ದಿನವೇ ನಾಲ್ಕು ಜನ ಹೊಟ್ಟೆಯ ಗಂಟಿಗೆ ಆಪರೇಶನ್ ಮಾಡಿಸಿಕೊಳ್ಳಿ, ಒಳ್ಳೆಯ ಡಾಕ್ಟರ್ ಇದ್ದಾರೆ ಎಂದು ಸಲಹೆ ಕೊಟ್ಟರಂತೆ. ಅಲ್ಲಿಗೆ ಒಯ್ಯುವ ಉಮೇದು ಇಳಿಯಿತು. ಅದು ಮಲಗುವ ಮಂಚದ ಪಕ್ಕದ ಡ್ರಾಯರಿನಲ್ಲಿ ಉಳಿಯಿತು, ಐದೂ ಗುಂಡು ತುಂಬಿಕೊಂಡು.

ಇನ್ನು ನನ್ನ ಎಡವಟ್ಟಿಗೆ ಬರುತ್ತೇನೆ.

ಆ ವರ್ಷ ಬೇಸಗೆ ಶುರುವಾಗುವ ಹೊತ್ತಿಗೆ ನಮ್ಮ ಬಂದೂಕಿನ ಎಣ್ಣೆಯ ಪೆಟ್ಟಿಗೆಗಳು ಬಂದರಿನಲ್ಲಿ ಸಿಕ್ಕಿಕೊಂಡವು. ಇದ್ದದ್ದು ಮುಗಿಯಿತು. ಹಾರ್ಟ್ಲಿ ಸಾಹೇಬರು ರಜೆಯಲ್ಲಿದ್ದರು. ಅಷ್ಟರಲ್ಲಿ ಬು ಸಯೀದರು ರಿವಾಲ್ವರು ತಂದು, ಒಳಗೆ ಮರಳು ಕಿರಕಿರ ಎನ್ನುತ್ತದೆ, ಸಂಜೆಯೊಳಗೆ ಬೇಕು ಎಂದರು. ಪೂರ್ತಿ ಬಿಚ್ಚಿ ತೊಳೆದೆ. ತೊಳೆದ ಉಕ್ಕು ಒಣಗಿ ಬೋಳಾಗಿ ಕೂತಿತ್ತು, ಹಾಕಲು ಎಣ್ಣೆಯಿಲ್ಲ. ನನ್ನ ಊಟದ ಚೀಲದಲ್ಲಿ ಒಂದು ಸಣ್ಣ ಬಾಟಲಿ ತೆಂಗಿನೆಣ್ಣೆ ಇತ್ತು. ಬಂದೂಕು ತೊಳೆಯುವ ದ್ರಾವಣ ತಾಗಿ ನನ್ನ ಕೈ ಒಡೆಯುತ್ತದೆ ಎಂದು ಹೆಂಡತಿ ವನಜ ಹಾಕಿಕೊಟ್ಟದ್ದು.

ಊರಿನಲ್ಲಿ ನನ್ನ ಅಪ್ಪನಿಗೆ ಒಂದು ಕೋವಿ ಇತ್ತು, ಹಂದಿ ಓಡಿಸಲು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ಇಡುವ ಮೊದಲು ಅಪ್ಪ ಅದಕ್ಕೆ ತೆಂಗಿನೆಣ್ಣೆ ಬಳಿಯುತ್ತಿದ್ದರು. ವಾಪಸು ತಂದ ಮೇಲೆ ಇನ್ನೊಮ್ಮೆ. ತಲೆಗೂ ಅದೇ, ಮೈಗೂ ಅದೇ, ಕೋವಿಗೂ ಅದೇ. ಆ ಕೋವಿ ಒಂದು ದಿನವೂ ಕೈಕೊಟ್ಟದ್ದಿಲ್ಲ. ಅಪ್ಪನ ಕೋವಿಗೆ ಆಗುವುದು ಈ ಗಿಡ್ಡನಿಗೆ ಆಗಲಿಕ್ಕಿಲ್ಲವೇ ಎಂದುಕೊಂಡೆ. ಕಂಜೂಸಿ ಬೇಡವೆಂದು ಒಳಗಿನ ಸ್ಪ್ರಿಂಗು, ಸನ್ನೆ, ಹಲ್ಲುಗಳಿಗೆಲ್ಲ ಧಾರಾಳವಾಗಿ ಹೊಯ್ದೆ. ಟ್ರಿಗರ್ ಎಳೆದು ನೋಡಿದರೆ ಎಷ್ಟು ಚಂದ ಓಡಿತು ಅಂತೀರಿ! ಫಾರಂನಲ್ಲಿ 'ಎಣ್ಣೆ ಹಾಕಲಾಗಿದೆ' ಎಂಬಲ್ಲಿ ಟಿಕ್ ಮಾಡಿದೆ. ಯಾವ ಎಣ್ಣೆ ಎಂದು ಫಾರಂ ಕೇಳಿರಲಿಲ್ಲ, ನಾನೂ ಹೇಳಲಿಲ್ಲ.

ಮೂರು ವಾರ ಕಳೆದು ಒಂದು ಬೆಳಿಗ್ಗೆ ಬು ಸಯೀದರು ಬಂದರು. ಸಲಾಂ ಕೂಡ ಇಲ್ಲ. ರಿವಾಲ್ವರನ್ನು ಕೌಂಟರಿನ ಮೇಲೆ ಇಟ್ಟು, ರಜೆ ಮುಗಿಸಿ ಬಂದಿದ್ದ ಹಾರ್ಟ್ಲಿ ಸಾಹೇಬರ ಮೇಲೆ ಹರಿಹಾಯ್ದರು. "ಇದು ಕೆಲಸ ಮಾಡುವುದಿಲ್ಲ! ಬೇಕಾದಾಗ ಓಡದ ಆಯುಧ ಎಂಥ ಆಯುಧ?" ಸಾಹೇಬರ ಮುಖ ಬಿಳಿಚಿತು. "ಬೋಜ, ಒಂದು ಗಂಟೆಯಲ್ಲಿ ರಿಪೋರ್ಟ್ ಬೇಕು. ದೋಷ ಕಾರ್ಖಾನೆಯದ್ದೋ, ನಮ್ಮದೋ? ನಮ್ಮದಾದರೆ ಯಾರದ್ದೋ ಅವರು ಇವತ್ತೇ ಮನೆಗೆ" ಎಂದು ನನಗೆ ಹೇಳಿ ಒಳಗೆ ಹೋದರು.

ನಾನು ಐದೂ ಗುಂಡು ತೆಗೆದು ಬೇರೆ ಇಟ್ಟು, ರಿವಾಲ್ವರನ್ನು ಬೆಂಚಿನ ಮೇಲಿಟ್ಟು ಪಕ್ಕದ ತಗಡು ಬಿಚ್ಚಿದೆ. ಬಿಚ್ಚಿದವನೇ ಹಾಗೇ ಕೂತುಬಿಟ್ಟೆ. ಒಳಗೆಲ್ಲ ಬೆಳ್ಳಗೆ, ಮರಳು ಸೇರಿ ಗಟ್ಟಿಯಾಗಿ, ಹಳೇ ತುಪ್ಪದ ಹಾಗೆ ಕೂತಿತ್ತು. ಮೂಗಿಗೆ ಬಂದದ್ದು ನಮ್ಮ ಅಡುಗೆಮನೆಯ ವಾಸನೆ. ಅವರ ಮಲಗುವ ಕೋಣೆಯ ಏಸಿ ಯಾವಾಗಲೂ ಹದಿನಾರರಲ್ಲಿ! ಜೂನಿನಲ್ಲಿ ಕಂಬಳಿ ಹೊದ್ದು ಮಲಗುತ್ತೇನೆ ಎಂದು ಅವರೇ ಎಷ್ಟು ಸಲ ಜಂಭ ಕೊಚ್ಚಿದ್ದರು. ಕಾರಿನ ಏಸಿಯೂ ಹಾಗೆಯೇ, ದಾರಿಯಲ್ಲೂ ಕರಗಿರಲಿಲ್ಲ. ನಮ್ಮ ಮನೆಯಲ್ಲೂ ಏಸಿ ಹಾಕಿದ ಕೋಣೆಯಲ್ಲಿ ತೆಂಗಿನೆಣ್ಣೆ ಕಲ್ಲಾಗಿ, ವನಜ ಬಾಟಲಿಯನ್ನು ಬಾಲ್ಕನಿಯ ಬಿಸಿಲಿಗೆ ಇಡುವುದನ್ನು ದಿನಾ ನೋಡುವವನು ನಾನು. ಊರಿನ ಸೆಕೆಯಲ್ಲಿ ಅಪ್ಪನ ಎಣ್ಣೆ ಗಟ್ಟಿಯಾಗುವ ಪ್ರಶ್ನೆಯೇ ಇರಲಿಲ್ಲ. ಅಷ್ಟು ಸಣ್ಣ ವಿಷಯ ನನ್ನ ಮಂಡೆಗೆ ಹೊಳೆಯಲಿಲ್ಲವಲ್ಲ!

ನೌಕರಿ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಫ್ಲಾಟು. ಮಗಳು ದೀಪ್ತಿ ಹತ್ತನೇ ಕ್ಲಾಸು. ನಡು ವರ್ಷದಲ್ಲಿ ಅವಳನ್ನು ಎಬ್ಬಿಸಿಕೊಂಡು ಎಲ್ಲಿಗೆ ಹೋಗಲಿ? ಹೆದರಿಕೆಯಲ್ಲಿ ಕೈ ತನ್ನಷ್ಟಕ್ಕೇ ಕೆಲಸ ಮಾಡಿತು. ದ್ರಾವಣದಲ್ಲಿ ಮುಳುಗಿಸಿ, ಬ್ರಶ್ಶಿನಲ್ಲಿ ಉಜ್ಜಿ, ಹೊಸದಾಗಿ ಬಂದಿದ್ದ ಸರಿಯಾದ ಎಣ್ಣೆ ಹಾಕಿ ಜೋಡಿಸಿದೆ. ಅರ್ಧ ಗಂಟೆಯಲ್ಲಿ ಸಾಕ್ಷಿ ಚರಂಡಿಗೆ ಹೋಯಿತು. ನಾಚಿಕೆಯಾಗುತ್ತದೆ ಶರಲ್, ಆದರೆ ನಡೆದದ್ದು ಇದು.

ಅಷ್ಟರಲ್ಲಿ ಬು ಸಯೀದರು ಬೆಂಚಿನ ಬಳಿಗೇ ಬಂದು ಎದುರು ಕೂತರು. ಸಿಟ್ಟು ಇಳಿದಿತ್ತು. ಇಳಿದ ಮೇಲೆ ಅವರು ತುಂಬ ಮುದುಕರಂತೆ ಕಂಡರು.

"ಬೋಜ, ಅವನ ಎದುರು ಕೂಗಾಡಿದ್ದು ಬಿಡು. ನಿನ್ನ ಹತ್ತಿರ ಬೇರೆ ಕೇಳಲಿಕ್ಕಿದೆ."

"ಕೇಳಿ ಬಾಬಾ."

"ಮೊನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಹೆಂಡತಿ ಸಯೀದನ ಮನೆಗೆ ಹೋಗಿದ್ದಳು. ಪರದೆ ಎಲ್ಲ ಹಾಕಿ ಕೋಣೆ ಕತ್ತಲೆ. ಕಣ್ಣು ಬಿಟ್ಟರೆ ಬಾಗಿಲಲ್ಲಿ ಕಪ್ಪಗೆ ಯಾರೋ ನಿಂತಿದ್ದಾರೆ. ಶಬ್ದ ಮಾಡದೆ ಒಳಗೆ ಬರುತ್ತಿದ್ದಾರೆ. ನಾನು ಡ್ರಾಯರ್ ತೆಗೆದೆ." ಬೆಂಚಿನ ಮೇಲಿದ್ದ ರಿವಾಲ್ವರನ್ನು ತೋರಿಸಿದರು. "ಟ್ರಿಗರ್ ಅರ್ಧಕ್ಕೆ ನಿಂತಿತು. ಆಗ ಅವಳು 'ಯುಬಾ' ಎಂದಳು. ಅಪ್ಪಾ ಎಂದಳು. ಮರಿಯಮ್, ನನ್ನ ಮಗಳು. ಅಲ್ ಐನ್‌ನಿಂದ ಹೇಳದೆ ಬಂದಿದ್ದಾಳೆ, ನನ್ನ ನಿದ್ದೆ ಕೆಡಬಾರದೆಂದು ಬೆಕ್ಕಿನ ಹಾಗೆ ಬಂದಿದ್ದಾಳೆ. ಕತ್ತಲಲ್ಲಿ ಅವಳಿಗೆ ನನ್ನ ಕೈಯಲ್ಲಿದ್ದದ್ದು ಕಾಣಲಿಲ್ಲ. ಹೇಳದೆ ಯಾಕೆ ಬಂದೆ ಎಂದು ಬೈದು ಕಳಿಸಿದೆ. ಅವಳು ಅಳುತ್ತ ಹೋದಳು."

ನಾನು ಎಣ್ಣೆ ಬಟ್ಟೆಯನ್ನು ಬೆಂಚಿನ ಕೆಳಗೆ ತುರುಕಿದೆ.

"ಈಗ ನೀನು ಹೇಳು," ಎಂದು ಅವರು ಮುಂದೆ ಬಾಗಿದರು. "ನಿಂತದ್ದು ಇದೋ, ನನ್ನ ಬೆರಳೋ? ಕಣ್ಣಿಗೆ ಕಾಣದಿದ್ದರೂ ಅಪ್ಪನ ಬೆರಳಿಗೆ ಮಗಳು ಗೊತ್ತಾಗಿ ತಾನೇ ನಿಂತಿತೋ? ಎರಡು ದಿನದಿಂದ ನಿದ್ದೆ ಮಾಡಿಲ್ಲ. ಇದರಲ್ಲಿ ದೋಷ ಇದೆಯೋ ಇಲ್ಲವೋ?"

ನೋಡಿ, ದೇವರು ಇಂಥ ಬಾಗಿಲು ತೆರೆಯುತ್ತಾನೆ! ದೋಷ ಇಲ್ಲ ಎಂದರೆ ನನ್ನ ನೌಕರಿ ಉಳಿಯಿತು, ಮುದುಕರ ನಿದ್ದೆಯೂ ಉಳಿಯಿತು. ಇಬ್ಬರಿಗೂ ಬೇಕಾದ ಸುಳ್ಳು. ನಾನು ಹೇಳಿಯೇಬಿಟ್ಟೆ.

"ದೋಷ ಇಲ್ಲ ಬಾಬಾ. ಚೆನ್ನಾಗಿ ಓಡುತ್ತದೆ."

ಅವರ ಮುಖ ಅರಳಿದ್ದನ್ನು ನಾನು ಮರೆಯುವುದಿಲ್ಲ. "ಅಲ್ ಹಮ್ದುಲಿಲ್ಲಾ," ಎಂದು ಎದೆ ಮುಟ್ಟಿಕೊಂಡರು. ಕಣ್ಣಲ್ಲಿ ನೀರು. "ನನ್ನ ಬೆರಳೇ ನಿಂತದ್ದು. ನನಗೆ ಗೊತ್ತಿತ್ತು. ಖಲಾಸ್, ಇನ್ನು ಹೆದರಿಕೆಯಿಲ್ಲ. ಎಷ್ಟು ಕತ್ತಲೆ ಇದ್ದರೂ ನನ್ನ ಬೆರಳಿಗೆ ನಮ್ಮವರು ಯಾರು ಎಂದು ತಿಳಿಯುತ್ತದೆ." ಹಾಗೆನ್ನುತ್ತ ಬೆಂಚಿನ ಮೇಲಿದ್ದ ಐದು ಗುಂಡುಗಳನ್ನು ಅಂಗೈಗೆ ಎತ್ತಿಕೊಂಡು ರಿವಾಲ್ವರಿಗೆ ಕೈ ಚಾಚಿದರು.

ನಾನು ಅದರ ಮೇಲೆ ಕೈ ಇಟ್ಟೆ. ಕೊಡಲಿಲ್ಲ.

"ಬಾಬಾ, ನಾನು ಸುಳ್ಳು ಹೇಳಿದೆ."

"ಏನು?"

"ಒಳಗೆ ಗಟ್ಟಿಯಾಗಿತ್ತು. ನಾನೇ ತೆಂಗಿನೆಣ್ಣೆ ಹಾಕಿದ್ದೆ, ತಲೆಗೆ ಹಾಕುವುದನ್ನು. ನಿಮ್ಮ ಏಸಿಗೆ ಹೆಪ್ಪುಗಟ್ಟಿತು. ಈಗ ಅರ್ಧ ಗಂಟೆಯ ಮೊದಲು ತೊಳೆದೆ. ನಿಂತದ್ದು ಇದು. ನಿಮ್ಮ ಬೆರಳಲ್ಲ."

ಅವರು ನನ್ನನ್ನೇ ನೋಡುತ್ತಿದ್ದರು. ನಾನು ಹೊಡೆತ ಬೀಳುತ್ತದೆ ಎಂದುಕೊಂಡೆ, ಬಿದ್ದರೆ ಒಳ್ಳೆಯದು ಅಂತಲೂ ಅನ್ನಿಸಿತು.

"ಹಾಗಾದರೆ ನಾನು ಎಳೆದೆ," ಎಂದರು.

"ಎಳೆದಿರಿ ಬಾಬಾ."

ಅಂಗೈಯಲ್ಲಿದ್ದ ಗುಂಡುಗಳನ್ನು ಒಂದೊಂದಾಗಿ ಬೆಂಚಿನ ಮೇಲೆ ನಿಲ್ಲಿಸಿದರು. ಒಂದು ಉರುಳಿತು, ಮತ್ತೆ ಎತ್ತಿ ನಿಲ್ಲಿಸಿದರು. ಆಮೇಲೆ ಎದ್ದು ಹೊರಟುಹೋದರು. ರಿವಾಲ್ವರು ಅಲ್ಲೇ ಉಳಿಯಿತು.

ನಾನು ನೇರ ಹಾರ್ಟ್ಲಿ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಎರಡು ಸಲ "ತಲೆಗೆ ಹಾಕುವ ಎಣ್ಣೆಯೇ?" ಎಂದು ಕೇಳಿದರು. ಆಮೇಲೆ, ಸದ್ಯಕ್ಕೆ ಬಂದೂಕಿನ ಕೋಣೆಯೊಳಗೆ ಕಾಲಿಡಬೇಡ, ಹೊರಗೆ ಗುರಿ ಹೊಡೆಯುವವರಿಗೆ ಮಣ್ಣಿನ ಬಿಲ್ಲೆ ಹಾರಿಸುವ ಯಂತ್ರ ನೋಡಿಕೋ, ಮನೆಗೆ ಕಳಿಸುವುದೋ ಬೇಡವೋ ಬು ಸಯೀದರ ದೂರು ಬಂದ ಮೇಲೆ ನೋಡೋಣ ಎಂದರು. ಆ ಸಂಜೆ ಮನೆಯಲ್ಲಿ ವನಜಳಿಗೆ ಹೇಳಿದಾಗ ಅವಳು ತಲೆಗೆ ಕೈ ಹೊತ್ತು ಕೂತಳು. "ಅಲ್ಲ ಮಾರಾಯ್ರೆ, ನಾನು ಕೊಟ್ಟದ್ದು ಕೈಗೆ ಹಚ್ಲಿಕ್ಕೆ. ನಿಮ್ಗೆ ಎಂತ ಆಗಿತ್ತು?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆ ಹೆಣ್ಣು ಬದುಕಿ ಉಂಟಲ್ಲ, ಅಷ್ಟು ಸಾಕು. ದೀಪ್ತಿ ಊರಿನಲ್ಲಿ ಓದ್ಲಿ ಬೇಕಾದ್ರೆ" ಎಂದಳು. ಅವಳು ಸೂಟ್‌ಕೇಸಿನ ಧೂಳು ಒರೆಸುವುದನ್ನು ನೋಡಿ ನಾನು ಬಚ್ಚಲಿಗೆ ಹೋಗಿ ಅತ್ತೆ.

ದೂರು ಬರಲಿಲ್ಲ. ಎಂಟು ದಿನ ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಯಂತ್ರಕ್ಕೆ ಮಣ್ಣಿನ ಬಿಲ್ಲೆ ತುಂಬಿದೆ. ಒಂಬತ್ತನೇ ದಿನ ಮಧ್ಯಾಹ್ನ ಮರಳಿನಲ್ಲಿ ಬಿಳಿ ಕಂದೂರದವರೊಬ್ಬರು ನಡೆದು ಬರುವುದು ಕಂಡಿತು. ಬು ಸಯೀದ್. ಹಿಂದೆ ಕೊಡೆ ಹಿಡಿದು ಹಾರ್ಟ್ಲಿ ಸಾಹೇಬರು.

"ಇವನನ್ನು ಯಾಕೆ ಬಿಸಿಲಿಗೆ ಹಾಕಿದ್ದೀಯ?" ಎಂದು ಬು ಸಯೀದರು ಕೇಳಿದರು. "ಎಣ್ಣೆ ಗಟ್ಟಿಯಾಗದಿರಲಿ ಎಂದೇ?"

ಸಾಹೇಬರಿಗೆ ನಗಬೇಕೋ ಬಾರದೋ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ಮುದುಕರು ಜೇಬಿನಿಂದ ಒಂದು ಹಾಳೆ ತೆಗೆದರು. ಆಯುಧ ಬೇಡವೆನ್ನುವವರು ಲೈಸೆನ್ಸಿನ ಜೊತೆ ಕೊಡಬೇಕಾದ ನಮ್ಮ ಕ್ಲಬ್ಬಿನ ಫಾರಂ, ಹಾರ್ಟ್ಲಿ ಸಾಹೇಬರದ್ದೇ ಸೃಷ್ಟಿ. "ನನ್ನ ಕೈ ನಡುಗುತ್ತದೆ. ನೀನು ಬರೆ" ಎಂದರು. ಬಿಲ್ಲೆ ಯಂತ್ರದ ಮುಚ್ಚಳದ ಮೇಲೆ ಹಾಳೆಯಿಟ್ಟು ಹೆಸರು, ನಂಬರು ಎಲ್ಲ ಬರೆದೆ. ಕೊನೆಗೆ 'ಕಾರಣ' ಎಂಬ ಕಡೆ ಬಂತು. ಅಲ್ಲಿ ಎಲ್ಲರೂ 'ಮಾರಾಟ' ಎಂದೋ 'ವಯಸ್ಸು' ಎಂದೋ ಬರೆಸುತ್ತಾರೆ.

"ಏನು ಬರೆಯಲಿ ಬಾಬಾ?"

"ಮರಿಯಮಳಿಗೆ ನಿನ್ನೆ ಎಲ್ಲ ಹೇಳಿದೆ. ಮೂರು ಗಂಟೆ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ, ನಾಳೆ ಬರುತ್ತೇನೆ, ಫೋನು ಮಾಡಿಯೇ ಬರುತ್ತೇನೆ ಎಂದಳು. ಫೋನು ಮಾಡಬೇಡ, ಹಾಗೇ ಬಾ ಎಂದೆ." ಅವರು ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದರು. "ಬರೆ, ಮಗಳು ಹೇಳದೆ ಕೇಳದೆ ಬರುವ ಮನೆ."

ಹಾರ್ಟ್ಲಿ ಸಾಹೇಬರು ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದರು. ನಾನು ಬರೆದೆ.